ಫ್ರೀಜರಿನಲ್ಲಿಟ್ಟ ಮಾತು

ಮೇಜಿನ ಮೇಲಿಟ್ಟ ಪೆಟ್ಟಿಗೆಯಿಂದ ಮಲ್ಲಿಗೆಯ ವಾಸನೆ ಬಂದದ್ದೇ ತಡ, ನೀಲಾಂಬಿಕೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಬಳ್ಳಾರಿಯ ಸ್ಮೃತಿ ಪರೀಕ್ಷಾಲಯಕ್ಕೆ ಬರುವ ಪೆಟ್ಟಿಗೆಗಳಿಗೆ ಏನೇನೋ ವಾಸನೆ ಇರುತ್ತಿತ್ತು. ಒಗ್ಗರಣೆ, ಊದಿನಕಡ್ಡಿ, ಬೀಡಿ, ಸೊಳ್ಳೆಬತ್ತಿ. ಯಾವ ಮನೆಯ ಗೋಡೆಯ ಮೇಲಿತ್ತೋ ಆ ಮನೆಯ ವಾಸನೆ. ಇದು ಹಾಗಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ತೆಗೆದ ಮಲ್ಲಿಗೆ ದಂಡೆಗೆ ಒಂದು ವಾಸನೆ ಇರುತ್ತದಲ್ಲ, ತುಸು ಬಾಡಿದ್ದು, ತುಸು ಹಿಮದ್ದು, ಅದು. ಅವಳ ಅತ್ತೆ ಶಂಕ್ರಮ್ಮನ ಫ್ರೀಜರಿನ ವಾಸನೆ. ಪೆಟ್ಟಿಗೆಯೂ ಅವಳ ಮನೆಯದೇ.

ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದವನು ಮಹಾರುದ್ರ. ವಿಶೇಷ ತನಿಖಾ ದಳದ ಅಧಿಕಾರಿ. ನೀಲಾಂಬಿಕೆಯ ನಾದಿನಿ ಕಾತ್ಯಾಯಿನಿಯ ಗಂಡ.

"ತೆಗೀರಿ ಅಕ್ಕಾ," ಅಂದ, ಬೀಗರ ಮನೆಯಲ್ಲಿ ಊಟಕ್ಕೆ ಕೂತವನಷ್ಟೇ ಮೆತ್ತಗೆ. "ನಿಮ್ಮ ಕೈಯಿಂದಲೇ ಓದಿಸಬೇಕು ಅಂತ ಇಲ್ಲಿಗೆ ತಂದೆ."

ಈ ಪೆಟ್ಟಿಗೆಯ ಕಥೆಯನ್ನು ಮೊದಲು ಹೇಳಿಬಿಡಬೇಕು. ಸರ್ಕಾರದ ಕಾಗದದಲ್ಲಿ ಅದರ ಹೆಸರು ಗೃಹಮಿತ್ರ. ಕಾಗದ ಬಿಟ್ಟರೆ ಇನ್ನೆಲ್ಲೂ ಆ ಹೆಸರು ನಡೆಯಲಿಲ್ಲ, ಜನ ಅದನ್ನು ಕಿವಿಪೆಟ್ಟಿಗೆ ಅಂದರು. ಬಿಸಿಲಿಗೆ ಮನೆಯೊಳಗೇ ಕುಸಿದು ಬಿದ್ದು, ನೀರು ಕೊಡುವವರಿಲ್ಲದೆ ಸತ್ತವರ ಸುದ್ದಿ ದಿನಾ ಬರುತ್ತಿದ್ದ ಬೇಸಿಗೆಯೊಂದರಲ್ಲಿ, ಮನೆಗೊಂದು ಕಿವಿಪೆಟ್ಟಿಗೆ ಕಡ್ಡಾಯ ಅಂತ ಕಾನೂನಾಯಿತು. ಗೋಡೆಗೆ ಹಾಕುವ ಪುಟ್ಟ ಕಂಪ್ಯೂಟರು ಅಷ್ಟೇ. ಮನೆಯ ಮಾತು, ಉಸಿರು, ಕೆಮ್ಮು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಯಾರಾದರೂ ಧೊಪ್ಪೆಂದು ಬಿದ್ದರೆ ಆಂಬುಲೆನ್ಸ್ ಕರೆಯುತ್ತದೆ. ಕೇಳಿದ್ದನ್ನು ಎಲ್ಲಿಗೂ ಕಳಿಸುವುದಿಲ್ಲ, ಎಲ್ಲೂ ಬರೆದಿಡುವುದಿಲ್ಲ. ಅದಕ್ಕೆ ಡಿಸ್ಕೇ ಇಲ್ಲ. ಕೊನೆಯ ಕೆಲವು ತಾಸುಗಳ ಮಾತು ಅದರ ಮೆಮೊರಿ ಚಿಪ್ಪಿನಲ್ಲಿ ಇರುತ್ತದೆ, ಕರೆಂಟು ಇರುವತನಕ ಮಾತ್ರ. ಸ್ವಿಚ್ ತೆಗೆದರೆ ಎಲ್ಲಾ ಮರೆಯುತ್ತದೆ. ಸರ್ಕಾರ ಕೊಟ್ಟ ಮಾತು ಅದು, ಸುಳ್ಳೂ ಅಲ್ಲ.

ನಮ್ಮ ಜನ ಅದಕ್ಕೂ ಒಗ್ಗಿಕೊಂಡರು. ಯಾವುದಕ್ಕೆ ಒಗ್ಗಲ್ಲ ಹೇಳಿ. ಗುಟ್ಟಿನ ಮಾತು ಮುಗಿದ ಕೂಡಲೇ ಎದ್ದು ಸ್ವಿಚ್ ತೆಗೆದು, ಒಂದು ಲೋಟ ನೀರು ಕುಡಿದು, ಮತ್ತೆ ಹಾಕುವುದು ರೂಢಿಯಾಯಿತು. ಅದಕ್ಕೆ 'ಮರೆಸೋದು' ಅಂತ ಹೆಸರೂ ಬಿತ್ತು. ಹೆಣ್ಣು ನೋಡಲು ಬಂದವರು ವರದಕ್ಷಿಣೆ ಬಂಗಾರದ ಮಾತಾಡಿ ಮುಗಿಸಿ, "ಮರೆಸಿಬಿಡ್ರಿ ಮತ್ತೆ" ಅನ್ನುತ್ತಿದ್ದರು. ಕೆಲವು ಮನೆಗಳಲ್ಲಿ ಅಜ್ಜಂದಿರಿಗೆ ಸ್ವಿಚ್ಚಿನ ಕೆಳಗೆ ಕೂರುವುದೇ ಉದ್ಯೋಗವಾಯಿತು. ಬಳ್ಳಾರಿಯ ಬಿಸಿಲಿನಲ್ಲಂತೂ ಆ ನೀರು ಕುಡಿಯುವುದರೊಳಗೆ ಚಿಪ್ಪು ಖಾಲಿ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ನೀಲಾಂಬಿಕೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಅವಳ ಕೆಲಸವೇ ಅದು. ದಳದವರು ಯಾವುದಾದರೂ ಮನೆಗೆ ನುಗ್ಗಿ, ಪೆಟ್ಟಿಗೆ ಇನ್ನೂ ಉಸಿರಾಡುತ್ತಿರುವಾಗಲೇ ಕಿತ್ತು, ಒಣ ಐಸಿನ ಡಬ್ಬಿಯಲ್ಲಿಟ್ಟು ತರುತ್ತಿದ್ದರು. ಆ ಚಳಿಗೆ ಚಿಪ್ಪಿನಲ್ಲಿದ್ದದ್ದು ಹಾಗೇ ನಿಲ್ಲುತ್ತದೆ. ಅವಳು ಅದನ್ನು ಇಕ್ಕಳದಲ್ಲಿ ಹಿಡಿದು ಓದುಯಂತ್ರಕ್ಕೆ ಸಿಕ್ಕಿಸಿದರೆ ಮನೆಯ ಮಾತು ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಎಷ್ಟೋ ಸಲ ಬರೀ ಗಂಡಹೆಂಡಿರ ಜಗಳ. ಒಮ್ಮೆ ಒಬ್ಬ ಕೊಲೆಗಾರ ಹಾಗೇ ಸಿಕ್ಕಿಬಿದ್ದಿದ್ದ, ಆಗ ಅವಳಿಗೂ ಒಳಗೊಳಗೇ ಹೆಮ್ಮೆಯಾಗಿತ್ತು. ತನ್ನ ಮನೆಯ ಮಾತನ್ನೇ ಒಂದು ದಿನ ಇಕ್ಕಳದಲ್ಲಿ ಹಿಡಿಯಬೇಕಾದೀತು ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ಸೋಮವಾರ ಮಧ್ಯಾಹ್ನ ಕಾತ್ಯಾಯಿನಿ ಬಂದಿದ್ದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ಬಂದ ಹುಡುಗಿಯ ಎಡಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಎಡಗಿವಿಯಲ್ಲಿ ಏನೂ ಕೇಳಿಸುತ್ತಿಲ್ಲ ವೈನಿ ಅಂತ ಅತ್ತಿಗೆಗೆ ಹೇಳಿದಳು. ಶಂಕ್ರಮ್ಮ ಮಗಳ ಮುಖ ನೋಡಿ ಅಳಲೂ ಇಲ್ಲ, ನೆಟ್ಟಗೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಪೊಲೀಸರಿಗೆ ದೂರು ಕೊಡೋಣ ಅಂತ ಯಾರೂ ಅನ್ನಲಿಲ್ಲ, ದೂರು ಹೋಗಿ ಸೇರುವುದೇ ಹೊಡೆದ ಮಹಾರುದ್ರನ ಮೇಜಿಗೆ. ಗಜೇಂದ್ರಗಡದಲ್ಲಿ ಕಾತ್ಯಾಯಿನಿಯ ಶಾಲೆಯ ಗೆಳತಿಯೊಬ್ಬಳು ಮಗ್ಗ ಹಾಕಿಕೊಂಡಿದ್ದಾಳೆ, ನೇಯುವ ಹೆಂಗಸರ ಜೊತೆ ಇದ್ದುಬಿಡುತ್ತೇನೆ, ಅವಳ ಹೆಸರು ಅವನಿಗೆ ಗೊತ್ತಿಲ್ಲ ಅಂದಳು. ಊರು, ಓಣಿ, ಗೆಳತಿಯ ಹೆಸರು, ಎಲ್ಲಾ ಮಾತಾಯಿತು. ನೀಲಾಂಬಿಕೆಯ ಗಂಡ ಚನ್ನವೀರ ತಂಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟ. ಅವರನ್ನು ಓಣಿಯ ತಿರುವಿನವರೆಗೆ ಬಿಡಲು ಹೊರಟ ನೀಲಾಂಬಿಕೆ, "ಅತ್ತೆ, ಮರೆಸಿಬಿಡ್ರಿ" ಅಂತ ಹೇಳಿ ಹೋದಳು. ತಿರುಗಿ ಬಂದಾಗ ಗೋಡೆಯ ಮೇಲೆ ಪೆಟ್ಟಿಗೆ ಇರಲಿಲ್ಲ. ಕಪಾಟಿನಲ್ಲಿಟ್ಟಿರಬೇಕು, ಒಳ್ಳೇದೇ ಆಯಿತು ಅಂದುಕೊಂಡಳು.

ಕಾತ್ಯಾಯಿನಿ ಬಂದೇ ಇಲ್ಲ ಅಂತ ಮಹಾರುದ್ರನಿಗೆ ಹೇಳಿಯಾಗಿತ್ತು. ಗುರುವಾರ ನೀಲಾಂಬಿಕೆ ಕೆಲಸದಲ್ಲಿದ್ದಾಗ ದಳದವರು ಮನೆಗೆ ಬಂದು ಪೆಟ್ಟಿಗೆ ಕೇಳಿ ಇಸಿದುಕೊಂಡರಂತೆ. ಅದೇ ಜಾಗಕ್ಕೆ ಹೊಸ ಪೆಟ್ಟಿಗೆ ಹಾಕಿಹೋದರಂತೆ. ಹೊಸದು ದಿನಗಟ್ಟಲೆ ಮಾತು ಹಿಡಿದಿಡುವಂಥದ್ದು, ಅದಕ್ಕೆ ಸ್ವಿಚ್ಚೇ ಇರಲಿಲ್ಲ, ಬ್ಯಾಟರಿ ಒಳಗೇ ಇತ್ತು, ಮೇಲೆ ಸೀಲು. ಅದರ ಮುಂದೆ ಅತ್ತೆ ಸೊಸೆ ಏನು ಮಾತಾಡಿಯಾರು? ನೀಲಾಂಬಿಕೆ ಅತ್ತೆಯ ಬಾಯಿಗೆ ಬೆರಳಿಟ್ಟು, ಹೊಸ ಪೆಟ್ಟಿಗೆ ತೋರಿಸಿ ತಲೆಯಾಡಿಸಿದಳು. ಹಳೇದರ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಕರೆಂಟು ತಪ್ಪಿ ದಿನಗಳಾಗಿದ್ದ ಖಾಲಿ ಪೆಟ್ಟಿಗೆ, ಒಯ್ದರೆ ಒಯ್ಯಲಿ.

ಈಗ ಮಲ್ಲಿಗೆಯ ವಾಸನೆ ಬಂದ ಮೇಲೆ ಎಲ್ಲಾ ಗೊತ್ತಾಯಿತು. ಶಂಕ್ರಮ್ಮನಿಗೆ ಬರೀ ಸ್ವಿಚ್ ತೆಗೆದರೆ ಸಮಾಧಾನವಾಗಿಲ್ಲ. ಕಿವಿ ಇರುವ ವಸ್ತು, ನಂಬುವುದು ಹೇಗೆ? ಸ್ವಿಚ್ ತೆಗೆದ ಕೈಯಲ್ಲೇ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಲ್ಲಿಗೆ ದಂಡೆ ಇಡುವ ಹಾಗೆ ಇಟ್ಟಿದ್ದಾಳೆ ಫ್ರೀಜರಿನೊಳಗೆ. ಫ್ರಿಜ್ಜಿನ ಬಾಗಿಲು ದಪ್ಪ, ಅಲ್ಲಿ ಏನೂ ಕೇಳಿಸುವುದಿಲ್ಲ ಅಂತ ಆಕೆಯ ಲೆಕ್ಕ. ಅಲ್ಲಿಂದ ನೇರ ದಳದವರ ಒಣ ಐಸಿಗೆ. ಮಗಳ ಗುಟ್ಟು ಕಾಯಲು ಹೋದ ತಾಯಿ ಅದನ್ನು ಹೆಪ್ಪುಗಟ್ಟಿಸಿ ಕೊಟ್ಟಿದ್ದಳು. ಗಜೇಂದ್ರಗಡ, ಓಣಿ, ಗೆಳತಿಯ ಹೆಸರು ಎಲ್ಲಾ ಈ ಬೆರಳಗಲದ ಚಿಪ್ಪಿನಲ್ಲಿ ಕೂತಿದೆ. ಸ್ಪೀಕರಿನಲ್ಲಿ ಒಂದು ಸಲ ಕೇಳಿದರೆ ಸಾಕು, ಕತ್ತಲಾಗುವುದರೊಳಗೆ ಇವನು ಅಲ್ಲಿರುತ್ತಾನೆ.

ಪರೀಕ್ಷಾಲಯದ ಮುಖ್ಯಸ್ಥರು ಡಾಕ್ಟರ್ ವಾಗೀಶಯ್ಯ ಬಾಗಿಲ ಹತ್ತಿರ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಬಡಪಾಯಿ ಮನುಷ್ಯ, ಯಾರಿಗೂ ಗಟ್ಟಿಯಾಗಿ ಇಲ್ಲ ಅಂದವರಲ್ಲ. ಇದು ಸಂಬಂಧಿಕರ ವಿಷಯ, ಬೇರೆ ಊರಿನ ಲ್ಯಾಬಿಗೆ ಕಳಿಸೋಣ ಅಂತ ಬೆಳಿಗ್ಗೆ ಒಂದು ಸಲ ಅಂದು ನೋಡಿದ್ದರು. ಅಲ್ಲಿಗೆ ಹೋಗುವಷ್ಟರಲ್ಲಿ ಐಸು ಕರಗಿದರೆ ಜವಾಬ್ದಾರಿ ನಿಮ್ಮದೇ ಅಂತ ಮಹಾರುದ್ರ ಅಂದಿದ್ದಕ್ಕೆ ಒಪ್ಪಿಕೊಂಡಿದ್ದರು.

ನೀಲಾಂಬಿಕೆ ಮುಚ್ಚಳದ ಸ್ಕ್ರೂ ಬಿಚ್ಚಿದಳು. ಚಿಪ್ಪನ್ನು ಬೀಳಿಸಿದರೆ? ಬಿದ್ದರೆ ಅದಕ್ಕೇನೂ ಆಗುವುದಿಲ್ಲ. ಮುರಿದರೆ? ಕಣ್ಣೆದುರಿಗೇ ಸಾಕ್ಷ್ಯ ನಾಶ, ಇಲ್ಲೇ ಕೋಳ ಹಾಕಿಸುತ್ತಾನೆ. ಚನ್ನವೀರನನ್ನೂ ಎಳೆದು ತಂದು ಬಾಯಿ ಬಿಡಿಸುತ್ತಾನೆ. ಬೇಕಾದದ್ದು ಒಂದಿಷ್ಟು ಬಿಸಿ, ಒಂದಿಷ್ಟು ಹೊತ್ತು. ಹೊರಗೆ ರಸ್ತೆಯ ಡಾಂಬರು ಕರಗುವ ಬಿಸಿಲು, ಇಲ್ಲಿ ಏಸಿ ಕೋಣೆಯಲ್ಲಿ ಮೈ ಥಂಡಿ ಹಿಡಿಯುತ್ತಿತ್ತು.

ಅವಳು ಬಲಗೈಯ ಗ್ಲೌಸು ತೆಗೆದಳು. ಚಿಪ್ಪಿಗೆ ಅಂಟಿಸಿದ ಟೇಪಿನ ಅಂಚು ಗ್ಲೌಸಿಗೆ ಸಿಗುತ್ತಿಲ್ಲ ಅಂತ ತನಗೆ ತಾನೇ ಹೇಳಿಕೊಂಡಂತೆ ಅಂದಳು. ಉಗುರಿನಿಂದ ಟೇಪು ಎಬ್ಬಿಸಿ, ಇಕ್ಕಳ ಮುಟ್ಟದೆ, ಚಿಪ್ಪಿನ ಪಟ್ಟಿಯನ್ನು ಬರಿಗೈಯಲ್ಲೇ ಕಿತ್ತು ಮುಷ್ಟಿ ಮುಚ್ಚಿದಳು. ಚರ್ಮ ಅದಕ್ಕೆ ಅಂಟಿಕೊಂಡಿತು. ಕೆಂಡ ಹಿಡಿದ ಹಾಗೆ ಉರಿ, ಕಣ್ಣಲ್ಲಿ ನೀರು ತುಂಬಿತು. ಎಡಗೈಯಿಂದ ಯಂತ್ರದ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಾ, ಅದು ಸಿದ್ಧವಾಗಲು ತುಸು ಹೊತ್ತು ಬೇಕು ಅಂದಳು. ಹೊತ್ತು ಬೇಕಿರಲಿಲ್ಲ, ಯಂತ್ರ ಸಿದ್ಧವಾಗಿಯೇ ಇತ್ತು.

ವಾಗೀಶಯ್ಯ ಕನ್ನಡಕ ಹಾಕಿಕೊಂಡರು. ಮೇಜಿನ ಮೇಲೆ ಮುಟ್ಟದೇ ಬಿದ್ದಿದ್ದ ಇಕ್ಕಳ ನೋಡಿದರು. ಮುಚ್ಚಿದ ಮುಷ್ಟಿ ನೋಡಿದರು. ಈತ ಬಾಯಿ ಬಿಟ್ಟರೆ ಮುಗಿಯಿತು.

ಅವರು ಬಾಯಿ ಬಿಟ್ಟರು. "ಮಹಾರುದ್ರ ಅವರೇ, ಇದು ಹೇಗೆ ಕೆಲಸ ಮಾಡುತ್ತೆ ಅಂತ ನಿಮಗೆ ಯಾರಾದರೂ ಹೇಳಿದಾರೋ?"

ಲ್ಯಾಬಿನವರೆಲ್ಲ ಬೆನ್ನ ಹಿಂದೆ 'ಕೊಡದ ಪುರಾಣ' ಅಂತ ನಗಾಡುತ್ತಿದ್ದ ಪಾಠವದು. ಹೊಸಬರು ಯಾರು ಬಂದರೂ ವಾಗೀಶಯ್ಯ ಹಿಡಿದು ನಿಲ್ಲಿಸಿ ಅದನ್ನು ಹೇಳದೆ ಬಿಡುತ್ತಿರಲಿಲ್ಲ, ಶುರುವಾದರೆ ಮುಗಿಯುತ್ತಲೂ ಇರಲಿಲ್ಲ. ನೀಲಾಂಬಿಕೆಯೂ ಎಷ್ಟೋ ಸಲ ಟೀ ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಮಹಾರುದ್ರ ಬೇಡ ಅನ್ನುವ ಮೊದಲೇ ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಅವನಿಗೂ ಮೇಜಿಗೂ ನಡುವೆ ಕೂತರು. ಚಿಪ್ಪಿನೊಳಗೆ ಕೋಟಿಗಟ್ಟಲೆ ಪುಟ್ಟ ಪುಟ್ಟ ಕೊಡಗಳಿವೆ ಅಂದುಕೊಳ್ಳಿ ಅಂತ ಶುರುಮಾಡಿದರು. ತುಂಬಿದ ಕೊಡ ಅಂದರೆ ಒಂದು, ಬರಿದಾದ ಕೊಡ ಅಂದರೆ ಸೊನ್ನೆ. ಯಾವ ಕೊಡ ತುಂಬಿದೆ, ಯಾವುದು ಬರಿದು, ಅದೇ ನಮ್ಮ ಮಾತು, ನಮ್ಮ ಚಿತ್ರ, ಎಲ್ಲಾ. ಆದರೆ ಪ್ರತಿಯೊಂದು ಕೊಡಕ್ಕೂ ತಳದಲ್ಲಿ ತೂತು. ಕರೆಂಟು ಇರುವತನಕ ಒಬ್ಬ ಆಳು ಓಡಾಡುತ್ತಾ ಅರ್ಧವಾದ ಕೊಡಗಳನ್ನು ತುಂಬುತ್ತಲೇ ಇರುತ್ತಾನೆ. ಕರೆಂಟು ಹೋಯಿತೋ, ಆಳೂ ಹೋದ. ಎಲ್ಲಾ ಸೋರುತ್ತದೆ.

ಮಹಾರುದ್ರ ವಾಚು ನೋಡಿಕೊಂಡ. ವಾಗೀಶಯ್ಯ ನೋಡಿದರೂ ನೋಡದವರಂತೆ, ಆ ಆಳು ಒಂದು ಕ್ಷಣಕ್ಕೆ ಎಷ್ಟು ಸಲ ಸುತ್ತು ಹಾಕುತ್ತಾನೆ, ತಾವು ಕಾಲೇಜಿನಲ್ಲಿದ್ದಾಗಿನ ಕೊಡ ಎಷ್ಟು ದೊಡ್ಡದಿತ್ತು, ಈಗಿನದು ಎಷ್ಟು ಚಿಕ್ಕದು ಅಂತ ಹೇಳುತ್ತಾ ಹೋದರು. ಅವರ ಹಣೆಯ ಮೇಲೆ ಬೆವರು ಕಾಣುತ್ತಿತ್ತು, ಆ ಚಳಿಯಲ್ಲಿ. ನೀಲಾಂಬಿಕೆಯ ಅಂಗೈ ಮೊದಲು ಉರಿದು, ಆಮೇಲೆ ಜೋಮು ಹಿಡಿದು, ಈಗ ಏನೂ ಗೊತ್ತಾಗುತ್ತಿರಲಿಲ್ಲ. ಒಳಗೆ ಕೊಡಗಳು ಸೋರುತ್ತಿವೆಯೋ ಇಲ್ಲವೋ ನೋಡುವ ಹಾಗಿರಲಿಲ್ಲ. ಸೋರಲಿ ತಾಯೀ, ಗೆಳತಿಯ ಹೆಸರೊಂದು ಹೋಗಲಿ, ಊರೊಂದು ಹೋಗಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು.

"ಚಳಿಯಲ್ಲಿಟ್ಟರೆ ತೂತು ಕಿರಿದಾಗುತ್ತೆ ಅಂತಿಟ್ಟುಕೊಳ್ಳಿ," ಅಂದರು ವಾಗೀಶಯ್ಯ. "ಸೋರೋದು ನಿಧಾನ."

ಮಹಾರುದ್ರ ತಲೆಯೆತ್ತಿದ. "ಬಿಸಿ ತಾಗಿದ್ರೆ?"

ಜೀವಮಾನದಲ್ಲಿ ಮೊದಲ ಸಲ ಕೊಡದ ಪುರಾಣ ನಡುವೆಯೇ ನಿಂತಿತು.

ಮಹಾರುದ್ರ ಎದ್ದು, ಅವರ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ಕೈ ತೋರಿಸ್ರಿ ಅಕ್ಕಾ."

ಅವಳು ಮುಷ್ಟಿ ಬಿಚ್ಚಿದಳು. ಅಂಗೈ ನಡುವೆ ಬಿಳಿಚಿ ಹೋಗಿ, ಅಂಚಿನಲ್ಲಿ ಬೊಬ್ಬೆ ಎದ್ದಿತ್ತು. ಅವನು ತಾನೇ ಚಿಪ್ಪನ್ನು ತೆಗೆದುಕೊಂಡು ಓದುಯಂತ್ರಕ್ಕೆ ಸಿಕ್ಕಿಸಿದ. ಯಾವ ಕಡೆಗೆ ಸಿಕ್ಕಿಸಬೇಕು ಅಂತ ಅವನಿಗೆ ಗೊತ್ತಿತ್ತು.

ಸ್ಪೀಕರಿನಲ್ಲಿ ಬರೀ ಸರಸರ ಸದ್ದು, ಮರಳು ಸುರಿದಂತೆ. ಸುರಿಯುತ್ತಲೇ ಇತ್ತು. ನೀಲಾಂಬಿಕೆ ಕಣ್ಣು ಮುಚ್ಚಿದಳು. ಸದ್ದಿನ ನಡುವೆ ಒಂದು ಉಸಿರು ಬಂದಂತಾಯಿತು, ಯಾರದೋ ಬಿಕ್ಕು, ಮತ್ತೆ ಮರಳು. ಬೆರಳ ಸಂದಿಯಲ್ಲಿ ಎಲ್ಲೋ ಒಂದು ಮೂಲೆಗೆ ಬಿಸಿ ತಾಗಿರಲಿಲ್ಲ. ಇದ್ದಕ್ಕಿದ್ದಂತೆ ಶಂಕ್ರಮ್ಮನ ದನಿ, ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟ: "ಮೊದ್ಲು ಉಣ್ಣು ಕಾತ್ಯಾ. ಉಂಡು ಹೋಗೀಯಂತೆ, ನಮ್ಮವ್ವಾ."

ಅಷ್ಟೇ. ಮತ್ತೆ ಕೊನೆಯವರೆಗೂ ಮರಳು.

ಮಹಾರುದ್ರ ಯಂತ್ರ ನಿಲ್ಲಿಸಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ನೀಲಾಂಬಿಕೆಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ನಿಮ್ಮ ಮನೇಗೆ ಬಂದೇ ಇಲ್ಲ ಅಂದಿದ್ರಿ," ಅಂದ. "ಬಂದಾಳೆ, ಉಂಡಾಳೆ, ಹೋಗಿದಾಳೆ. ಎಲ್ಲಿಗೆ ಅನ್ನೋದೊಂದೇ ಬಾಕಿ. ಹೊಸ ಪೆಟ್ಟಿಗೆ ಹಾಕಿಸಿದೀನಲ್ಲ, ಅದರ ಮುಂದೆ ಎಷ್ಟು ದಿನ ಬಾಯಿ ಕಟ್ಟಿಕೊಂಡಿರ್ತೀರಿ? ನಾಳೆ ಬಂದು ಅದನ್ನ ನಾನೇ ಒಯ್ತೀನಿ. ಡಬ್ಬಿ ತುಂಬ ಐಸ್ ತರ್ತೀನಿ." ಬಾಗಿಲ ಬಳಿ ನಿಂತು ವಾಗೀಶಯ್ಯನವರಿಗೆ ಕೈಮುಗಿದ. ಪಾಠ ಚೆನ್ನಾಗಿತ್ತು ಸರ್, ಪೆಟ್ಟಿಗೆಯೊಳಗೇ ಸಣ್ಣದೊಂದು ತಂಪಿನ ಯಂತ್ರ ಇಟ್ಟುಬಿಟ್ಟರೆ ಜನ ಮರೆಸೋದೇ ನಿಲ್ಲುತ್ತೆ, ಮೇಲಿನವರಿಗೆ ಬರೀತೀನಿ ಅಂದು ಹೋದ.

ವಾಗೀಶಯ್ಯ ಸುಟ್ಟಗಾಯದ ಮುಲಾಮು ತಂದುಕೊಟ್ಟು, ಮನೆಗೆ ಹೋಗಮ್ಮಾ ಅಂದರು.

ಸಂಜೆ ಅವಳು ಓಣಿಯಲ್ಲಿ ನಡೆದು ಬರುವಾಗ ಪ್ರತಿ ಮನೆಯ ಕಿಟಕಿಯಲ್ಲೂ ಕಿವಿಪೆಟ್ಟಿಗೆಯ ಹಸಿರು ದೀಪ ಕಾಣುತ್ತಿತ್ತು. ಯಾರದೋ ಮನೆಯಲ್ಲಿ ನಗು ಕೇಳಿಸಿತು, ಆಮೇಲೆ ಟಕ್ಕೆಂದು ಸ್ವಿಚ್ಚು. ಮರೆಸಿ, ಇನ್ನು ಎಷ್ಟು ದಿನ ಮರೆಸ್ತೀರೋ ಮರೆಸಿ ಅಂದುಕೊಂಡಳು. ಅಂಗೈ ಈಗ ಮತ್ತೆ ಉರಿಯಲು ಶುರುವಾಗಿತ್ತು. ಆದರೂ ಒಳಗೆ ಎಲ್ಲೋ ಒಂದು ನಿರಾಳ. ಹುಡುಗಿಯ ಜಾಗ ಅವನಿಗೆ ಸಿಕ್ಕಿಲ್ಲ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಚನ್ನವೀರನ ಮಾತು ಹೇಗೂ ಕಡಿಮೆ, ಅವನದು ರಾತ್ರಿ ಪಾಳಿ. ಅತ್ತೆಯೊಬ್ಬಳನ್ನು ನೋಡಿಕೊಂಡರಾಯಿತು.

ಶಂಕ್ರಮ್ಮ ರೊಟ್ಟಿ ಹಿಟ್ಟು ನಾದಲು ಎಸರಿಟ್ಟು ಒಲೆಯ ಮುಂದೆ ನಿಂತಿದ್ದಳು. ನೀರು ಕುದಿಯುತ್ತಿತ್ತು. ಸೊಸೆ ಬಂದದ್ದು ನೋಡಿ ಮುಖ ಅರಳಿತು, ಹೊಸ ಪೆಟ್ಟಿಗೆ ಬಂದಾಗಿನಿಂದ ಮುದುಕಿ ಮನೆಯಲ್ಲಿ ಒಂದು ಮಾತಾಡಿರಲಿಲ್ಲ, ಊಟಕ್ಕೂ ಸನ್ನೆಯಲ್ಲೇ ಕರೆಯುತ್ತಿದ್ದಳು. ಈಗಲೂ ಹುಬ್ಬೆತ್ತಿ, ಏನಾಯ್ತು ಅಂತ ಕೇಳಿದಳು. ನೀಲಾಂಬಿಕೆ ತಲೆಯಾಡಿಸಿ, ಏನೂ ಸಿಗಲಿಲ್ಲ ಅನ್ನುವಂತೆ ಎಡಗೈ ಬೀಸಿದಳು. ಅಷ್ಟರಲ್ಲಿ ಸೆರಗಿನಡಿಯಿದ್ದ ಬಲಗೈ ಮುದುಕಿಯ ಕಣ್ಣಿಗೆ ಬಿತ್ತು.

ಶಂಕ್ರಮ್ಮ ಆ ಕೈ ಹಿಡಿದು ಬೊಬ್ಬೆ ನೋಡಿದಳು. ಮಗಳಿಗಾಗಿ ಸೊಸೆ ಸುಟ್ಟುಕೊಂಡ ಕೈ ಅದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಸೋಮವಾರದಿಂದ ತಡೆದಿಟ್ಟ ಅಳು ಒಮ್ಮೆಗೇ ಒಡೆದು ಬಂತು, ಅದರ ಜೊತೆಗೇ ಮಾತೂ ಬಂತು. "ಯವ್ವಾ, ಗಜೇಂದ್ರಗಡಕ್ಕೆ ಒಂದು ಫೋನ್ ಮಾಡಿ ಕೇಳ್ಲೇನು, ನನ್ನ ಕೂಸು ಉಂಡಾಳೇನು ಅಂತ?"

ಗೋಡೆಯ ಮೇಲೆ ಹಸಿರು ದೀಪ ಉರಿಯುತ್ತಲೇ ಇತ್ತು.

ತಾನು ಏನಂದೆ ಅಂತ ಗೊತ್ತಾಗಿ ಶಂಕ್ರಮ್ಮ ಸೆರಗು ಬಾಯಿಗೆ ತುರುಕಿಕೊಂಡಳು, ಕಣ್ಣು ಮಾತ್ರ ಸೊಸೆಯನ್ನು ನೋಡುತ್ತಿದ್ದವು. ನೀಲಾಂಬಿಕೆ ಗೋಡೆಯ ಕಡೆ ತಿರುಗಿದಳು. ನಾಳೆ ಅವನು ಐಸಿನ ಡಬ್ಬಿ ಹಿಡಿದು ಬರುತ್ತಾನೆ. ಸ್ವಿಚ್ಚಿಲ್ಲದ ಪೆಟ್ಟಿಗೆ, ಒಳಗೆ ಬ್ಯಾಟರಿ, ಆಳು ಕೊಡ ತುಂಬುತ್ತಲೇ ಇದ್ದಾನೆ. ಸೀಲು ಒಡೆದರೆ ಜೈಲು. ಹನ್ನೆರಡು ವರ್ಷದ ನೌಕರಿ, ಚನ್ನವೀರ, ಈ ಮನೆ, ಎಲ್ಲಾ ಒಂದು ಕ್ಷಣ ಕಣ್ಣ ಮುಂದೆ ಬಂದವು. ಬಾವು ಬಂದ ಕೆನ್ನೆ ಇಟ್ಟುಕೊಂಡು ತಾಯಿಯ ರೊಟ್ಟಿ ಮುರಿಯುತ್ತಿದ್ದ ಹುಡುಗಿಯೂ ಬಂದಳು.

ಅವಳು ಕುರ್ಚಿ ಎಳೆದು ಹತ್ತಿದಳು. ಎರಡೂ ಕೈಯಿಂದ ಪೆಟ್ಟಿಗೆಯನ್ನು ಹಿಡಿದು ಜಗ್ಗಿದಳು, ಬೊಬ್ಬೆ ಒಡೆದು ರಕ್ತ ಬಂತು, ಗಾರೆ ಉದುರಿತು. ಕಿತ್ತು ಬಂದ ಪೆಟ್ಟಿಗೆ ಇನ್ನೂ ಹಸಿರಾಗಿ ಮಿನುಗುತ್ತಿತ್ತು, ಇಬ್ಬರ ಉಸಿರನ್ನೂ ಕೇಳಿಸಿಕೊಳ್ಳುತ್ತಿತ್ತು. ಅದನ್ನು ಒಯ್ದು ಕುದಿಯುವ ಎಸರಿನಲ್ಲಿ ಮುಳುಗಿಸಿ, ಮೇಲೇಳದಂತೆ ಸೌಟಿನಿಂದ ಒತ್ತಿ ಹಿಡಿದಳು. ನೀರಿನೊಳಗೆ ದೀಪ ಎರಡು ಸಲ ಮಿನುಗಿ ಆರಿತು. ಗುಳುಗುಳು ಗುಳ್ಳೆ ಬಂದವು. ಪ್ಲಾಸ್ಟಿಕ್ಕು ಬೆಂದ ವಾಸನೆ ಮನೆಯೆಲ್ಲಾ ತುಂಬಿತು.

ನಾಳೆ ಏನು ಹೇಳುವುದು ಅಂತ ಅವಳಿಗೆ ಗೊತ್ತಿರಲಿಲ್ಲ. ಹೇಳಲು ಏನೂ ಇರಲೂ ಇಲ್ಲ. ಸೌಟು ಪಾತ್ರೆಯ ಅಂಚಿಗೆ ಬಡಿದು ಕಟಕಟ ಅನ್ನುತ್ತಿತ್ತು. ಶಂಕ್ರಮ್ಮ ಹತ್ತಿರ ಬಂದು ಅವಳ ಕೈಯಿಂದ ಸೌಟು ಬಿಡಿಸಿ ತಾನೇ ಒತ್ತಿ ಹಿಡಿದಳು. ಅತ್ತೆ ಸೊಸೆ ಇಬ್ಬರೂ ಪಾತ್ರೆ ನೋಡುತ್ತಾ ನಿಂತರು.

"ಬೇರೆ ಎಸರಿಡಬೇಕಲ್ಲೇ," ಅಂದಳು ಶಂಕ್ರಮ್ಮ ಕೊನೆಗೆ, ಪಿಸುದನಿಯಲ್ಲಿ.

"ಇಡೋಣ," ಅಂದಳು ನೀಲಾಂಬಿಕೆ. "ಮೊದ್ಲು ಫೋನ್ ಮಾಡ್ರಿ ಅತ್ತೆ. ಗಟ್ಟಿಯಾಗಿ ಮಾತಾಡ್ರಿ, ಆಕಿಗೆ ಒಂದು ಕಿವಿ ಕೇಳಲ್ಲ."